ಬೆಳ್ಳಿತೆರೆಗೆ ಮನೆ ಕಟ್ಟಿದ ಮದನರು

ಚಲಚ್ಚಿತ್ರವೆಂದೊಡನೆ ನಮಗೆ ನಟನಟಿಯರು ನೆನಪಾಗುತ್ತಾರೆ. ಹೆಚ್ಚೆಂದರೆ ನಿರ್ದೇಶಕರ ಹೆಸರು ನಾಲಗೆಗೆ ಬರುತ್ತದೆ. ಆ ಚಿತ್ರವನ್ನು ಕುಳಿತು ನೋಡಲು ಸೂರು ಕಲ್ಪಿಸಿದವರನ್ನು ನೆನೆಯುವವರು ವಿರಳ. ಅಂಥವರಲ್ಲಿ ಅಗ್ರಗಣ್ಯರಾದ ಜಮ್‌ಷೆಡ್‌ಜಿ ಫ್ರಾಮ್‌ಜಿ ಮದನರ ಜೀವನವನ್ನು ಸಹಪಾಠಿಗಳ ಮುಂದಿಡಬೇಕೆಂಬುದು ನನ್ನ ಅಭಿಲಾಷೆ.

ಮದನರು ಮುಂಬಯಿಯ ಪಾರ್ಸಿ ಮನೆತನದವರು. ಎಳೆಯ ವಯಸ್ಸಿನಲ್ಲಿಯೇ ಅವರಿಗೆ ನಾಟಕದ ನಂಟು ಅಂಟಿತು. ಮುಂದೆ ಕಲ್ಕತ್ತೆಯಲ್ಲಿ ನೆಲಸಿ, ವ್ಯಾಪಾರದಲ್ಲಿ ಹಣ ಗಳಿಸಿ, ಕೊರಿಂಥಿಯನ್ ನಾಟಕಶಾಲೆಯನ್ನು ಕೊಂಡರು. 1902ರಲ್ಲಿ ಅಲ್ಲಿನ ಮೈದಾನದಲ್ಲಿ ಡೇರೆ ಹಾಕಿ ಬಯಾಸ್ಕೋಪು ತೋರಿಸತೊಡಗಿದರು. ಆ ನಗರದಲ್ಲಿ ಚಿತ್ರ ತೋರಿಸಿದವರಲ್ಲಿ ಅವರೇ ಮೊದಲಿಗರಲ್ಲ; ಹೀರಾಲಾಲ್ ಸೇನರು ಅದಾಗಲೇ ಆ ಕೆಲಸ ಮಾಡಿದ್ದರು. ಆದರೆ ಡೇರೆ ಎಂದಾದರೂ ಕೀಳಬೇಕಾದದ್ದು. ನಮ್ಮ ಟೂರಿಂಗ್ ಟಾಕೀಸುಗಳನ್ನು ಬಲ್ಲ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಿತ್ರಕ್ಕೊಂದು ಸ್ಥಿರವಾದ ಮನೆ ಬೇಕೆಂದು ಮದನರು 1907ರಲ್ಲಿ ಎಲ್ಫಿನ್‌ಸ್ಟನ್ ಪಿಕ್ಚರ್ ಪ್ಯಾಲೆಸನ್ನು ತೆರೆದರು.

ಅಲ್ಲಿಂದ ಅವರು ಹಿಂದಿರುಗಿ ನೋಡಲಿಲ್ಲ. ಒಂದರ ಹಿಂದೊಂದು ಚಿತ್ರಮಂದಿರ ಅವರ ಕೈಸೇರಿತು. ಪರದೇಶದ ಚಿತ್ರಗಳನ್ನು ತರಿಸುವುದರ ಜೊತೆಗೆ ತಾವೇ ಚಿತ್ರಗಳನ್ನು ತಯಾರಿಸಿದರು. 1917ರಲ್ಲಿ ಹರಿಶ್ಚಂದ್ರನ ಕಥೆ ತೆರೆಗೆ ಬಂತು. 1919ರಲ್ಲಿ ಬಿಲ್ವಮಂಗಳ ಬಂತು. ಅದೇ ವರ್ಷ ಮದನ್ ಥಿಯೇಟರ್ಸ್ ಲಿಮಿಟೆಡ್ ಎಂಬ ಸಂಸ್ಥೆ ಸ್ಥಾಪಿತವಾಯಿತು. ಬೆಳೆಯುವವರೂ ಅವರೇ, ಮಾರುವವರೂ ಅವರೇ, ಸಂತೆಯ ಜಾಗವೂ ಅವರದೇ ಎಂಬಂತಾಯಿತು.

1923ರಲ್ಲಿ ಮದನರು ತೀರಿಕೊಂಡರು. ಮಕ್ಕಳ ಕಾಲದಲ್ಲಿ ಸಂಸ್ಥೆ ಇನ್ನೂ ಹಬ್ಬಿ, ಭಾರತ, ಬರ್ಮಾ, ಸಿಂಹಳಗಳಲ್ಲಿ ನೂರಕ್ಕೂ ಮಿಕ್ಕಿ ಚಿತ್ರಮಂದಿರಗಳು ಅದರ ವಶದಲ್ಲಿದ್ದವು. ಅಷ್ಟರಲ್ಲಿ ವಾಕ್ಚಿತ್ರ ಬಂತು. 1931ರಲ್ಲಿ ಮದನ್ ಸಂಸ್ಥೆಯೂ ಶೀರೀನ್ ಫರ್ಹಾದ್ ಎಂಬ ವಾಕ್ಚಿತ್ರವನ್ನು ತಯಾರಿಸಿತು. ಆದರೆ ಮೂಕಿಚಿತ್ರಕ್ಕೆಂದು ಕಟ್ಟಿದ ಮಂದಿರಕ್ಕೆ ಧ್ವನಿಯಂತ್ರ ಕೂಡಿಸುವುದು ದುಬಾರಿಯ ಕೆಲಸ. ಮಂದಿರಗಳು ಹೆಚ್ಚಿದಷ್ಟೂ ಹೊರೆಯೂ ಹೆಚ್ಚು. ಯಾವುದು ಸಂಸ್ಥೆಯ ಬಲವಾಗಿತ್ತೋ ಅದೇ ಭಾರವಾಯಿತೆಂದು ನನಗೆ ತೋರುತ್ತದೆ. ಆ ದಶಕದಲ್ಲಿಯೇ ಸಂಸ್ಥೆ ಕುಸಿಯಿತು.

ಒಡೆಯರು ಬದಲಾದರೂ ಮಂದಿರಗಳು ಉಳಿದವು. ಎಲ್ಫಿನ್‌ಸ್ಟನ್ ಮಿನರ್ವಾ ಆಯಿತು, ಬಳಿಕ ಚಾಪ್ಲಿನ್ ಆಯಿತು. ಆದರೆ ಮನೆಮನೆಗೆ ದೂರದರ್ಶನ ಬಂತು, ವಿಡಿಯೋ ಕ್ಯಾಸೆಟ್ಟು ಬಂತು, ಮಲ್ಟಿಪ್ಲೆಕ್ಸು ಬಂತು. ಚಿತ್ರಮಂದಿರಕ್ಕಿಂತ ಅದು ನಿಂತ ನೆಲಕ್ಕೇ ಬೆಲೆ ಹೆಚ್ಚಿತು. ನಗರದ ಮಂದಿರಗಳು ಒಂದೊಂದಾಗಿ ಬಾಗಿಲು ಹಾಕಿದವು. 2013ರಲ್ಲಿ ಚಾಪ್ಲಿನ್ ನೆಲಸಮವಾಯಿತು. 2018ರಲ್ಲಿ ಎಲೀಟ್ ಮುಚ್ಚಿತು. ನಮ್ಮೂರಿನ ಹಳೆಯ ಟಾಕೀಸೂ ಈಗ ಕಲ್ಯಾಣಮಂಟಪ.

ಮದನರ ಹೆಸರಿನ ಬೀದಿಯೊಂದು ಕಲ್ಕತ್ತೆಯಲ್ಲಿದೆ. ಆದರೆ ಕೂಲಿಯವನೂ ಸಾಹುಕಾರನೂ ಬೇರೆ ಬೇರೆ ದರದ ಟಿಕೆಟು ಕೊಂಡರೂ ಒಂದೇ ಸೂರಿನಡಿ ಕುಳಿತು, ಒಂದೇ ದೃಶ್ಯಕ್ಕೆ ನಕ್ಕು ಕಣ್ಣೀರಿಟ್ಟ ಅಭ್ಯಾಸವೇ ಅವರ ನಿಜವಾದ ಸ್ಮಾರಕವೆಂದು ನಾನು ಬಗೆಯುತ್ತೇನೆ. ಇಂದು ನಾವು ಒಬ್ಬೊಬ್ಬರೇ ಅಂಗೈಯಲ್ಲಿ ಚಿತ್ರ ನೋಡುತ್ತೇವೆ. ಚಿತ್ರಕ್ಕೆ ಇದರಿಂದ ಕೊರತೆಯಿಲ್ಲದಿರಬಹುದು. ಕೂಡಿ ನೋಡುವ ಸುಖಕ್ಕೆ ಕೊರತೆಯಾಗಿದೆ. ಊರಿನಲ್ಲಿ ಒಂದಾದರೂ ಚಿತ್ರಮಂದಿರ ಉಳಿದಿದ್ದರೆ, ಗೆಳೆಯರೇ, ಜೊತೆಗೂಡಿ ಹೋಗಿಬನ್ನಿ.