ಎದೆಗೂಡಿನ ಬಾಗಿಲು ತೆರೆದ ಸಾವರ್‌ಬ್ರುಖ್

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಶಸ್ತ್ರವೈದ್ಯರು ರೋಗಿಯ ಹೊಟ್ಟೆಯನ್ನು ಧೈರ್ಯದಿಂದ ತೆರೆಯುತ್ತಿದ್ದರು. ಆದರೆ ಎದೆಗೂಡಿನ ಬಳಿ ಬಂದಾಗ ಅವರ ಕೈ ತಡೆಯುತ್ತಿತ್ತು. ಪಕ್ಕೆಲುಬುಗಳ ಒಳಗೆ ಹೊರಗಾಳಿ ನುಗ್ಗಿದೊಡನೆ ಶ್ವಾಸಕೋಶ ಕುಸಿದು ರೋಗಿಯ ಪ್ರಾಣಕ್ಕೇ ಸಂಚಕಾರ ಬರುತ್ತಿತ್ತು. ಈ ತೊಡಕಿಗೆ ಪರಿಹಾರ ಹುಡುಕಿದವರು ಜರ್ಮನಿಯ ಫರ್ಡಿನಾಂಡ್ ಸಾವರ್‌ಬ್ರುಖ್.

1875ರ ಜುಲೈ 3ರಂದು ಬಾರ್ಮೆನ್‌ನಲ್ಲಿ ಜನಿಸಿದ ಅವರು ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು. 1903ರಲ್ಲಿ ಬ್ರೆಸ್ಲೌ ನಗರದ ಪ್ರಖ್ಯಾತ ಶಸ್ತ್ರವೈದ್ಯ ಮಿಕುಲಿಚ್ ಅವರ ಶಿಷ್ಯರಾದರು. ತೆರೆದ ಎದೆಯಲ್ಲಿ ಶ್ವಾಸಕೋಶ ಕುಸಿಯದಂತೆ ನೋಡಿಕೊಳ್ಳುವ ಬಗೆ ಯಾವುದೆಂಬುದೇ ಗುರು ಒಡ್ಡಿದ ಸವಾಲು.

ಶಿಷ್ಯ ಗಾಳಿಯಾಡದ ಕೋಣೆಯೊಂದನ್ನು ರೂಪಿಸಿದರು. ರೋಗಿಯ ದೇಹ ಮತ್ತು ಶಸ್ತ್ರವೈದ್ಯರು ಒಳಗೆ. ರೋಗಿಯ ತಲೆ ಮತ್ತು ಅರಿವಳಿಕೆ ನೀಡುವವರು ಹೊರಗೆ. ಒಳಗಿನ ಒತ್ತಡವನ್ನು ಸುಮಾರು 10 ಮಿಲಿಮೀಟರ್ ಪಾದರಸದಷ್ಟು ತಗ್ಗಿಸಿದರೆ ಶ್ವಾಸಕೋಶ ಹಿಗ್ಗಿಯೇ ಇರುತ್ತಿತ್ತು, ರೋಗಿ ಸ್ವತಃ ಉಸಿರಾಡುತ್ತಿದ್ದ. ಗುರುವಿನೆದುರು ನಡೆದ ಮೊದಲ ಪ್ರದರ್ಶನದಲ್ಲಿ ಉಪಕರಣ ಸೋರಿ ಪ್ರಯೋಗದ ಪ್ರಾಣಿ ಸತ್ತಿತು. ಸಾವರ್‌ಬ್ರುಖ್ ಎದೆಗುಂದಲಿಲ್ಲ. 1904ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯರ ಸಮ್ಮೇಳನದಲ್ಲಿ ತಮ್ಮ ವಿಧಾನವನ್ನು ಮಂಡಿಸಿದರು.

ಮುಂದೆ ಜ್ಯೂರಿಕ್, ಮ್ಯೂನಿಕ್ ನಗರಗಳಲ್ಲಿ ಸೇವೆ ಸಲ್ಲಿಸಿ, 1927ರಲ್ಲಿ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಗೆ ಬಂದರು. ಈ ನಡುವೆ ಶ್ವಾಸನಾಳಕ್ಕೆ ಕೊಳವೆ ಇಳಿಸಿ ಒತ್ತಡದಿಂದ ಗಾಳಿ ತುಂಬುವ ಸರಳ ವಿಧಾನ ಬೆಳೆದು, ಅವರ ಬೃಹತ್ ಕೋಣೆ ಮೂಲೆ ಸೇರಿತು.

ಅವರ ಬದುಕಿಗೆ ಕಪ್ಪುಚುಕ್ಕೆಗಳೂ ಅಂಟಿವೆ. 1933ರಲ್ಲಿ ಹಿಟ್ಲರನ ಆಡಳಿತಕ್ಕೆ ಬಹಿರಂಗ ಬೆಂಬಲ ನೀಡಿದ್ದರು. ಅಂಗವಿಕಲರ ಹಾಗೂ ಮನೋರೋಗಿಗಳ ಹತ್ಯೆಯನ್ನು ವಿರೋಧಿಸಿದರೂ, ಅದೇ ಆಡಳಿತದ ಸಂಶೋಧನಾ ಮಂಡಳಿಯಲ್ಲಿ ಉನ್ನತ ಹುದ್ದೆಯಲ್ಲಿದ್ದರು. ಮುಪ್ಪಿನಲ್ಲಿ ಮರೆವಿನ ರೋಗ ಆವರಿಸಿದ ಮೇಲೂ ಕತ್ತಿ ಕೆಳಗಿಡಲಿಲ್ಲ. ಅವರ ಕೀರ್ತಿಗೆ ಅಂಜಿ ಸುತ್ತಲಿನವರು ತಡೆಯಲು ಹಿಂಜರಿದರು. ಅದರ ಬೆಲೆ ತೆತ್ತವರು ರೋಗಿಗಳು. 1949ರಲ್ಲಿ ಹುದ್ದೆ ಬಿಡಬೇಕಾಯಿತು. 1951ರ ಜುಲೈ 2ರಂದು ನಿಧನರಾದರು.

ಕೋಣೆಯ ಪ್ರದರ್ಶನಕ್ಕೆ ನೂರು ವರ್ಷ ತುಂಬಿದ 2004ರಲ್ಲಿ, ರೋಮ್‌ನ ಯುಜೆನಿಯೊ ಪಾಂಪೆಯೊ ಮತ್ತು ಸಂಗಡಿಗರು ಎಚ್ಚರವಾಗಿದ್ದ ರೋಗಿಗಳ ಶ್ವಾಸಕೋಶದ ಗಂಟುಗಳನ್ನು ತೆಗೆದ ವರದಿ ಪ್ರಕಟಿಸಿದರು. ಬೆನ್ನಿನ ಮೂಲಕ ನೀಡಿದ ಅರಿವಳಿಕೆ ಎದೆಯ ನೋವನ್ನಷ್ಟೇ ಅಡಗಿಸಿತ್ತು. ಕೋಣೆಯೂ ಇಲ್ಲ, ಕೊಳವೆಯೂ ಇಲ್ಲ. ಒಂದು ಬದಿಯ ಶ್ವಾಸಕೋಶ ಕುಸಿದರೂ ಮತ್ತೊಂದು ಉಸಿರಾಟವನ್ನು ನಿಭಾಯಿಸುತ್ತಿತ್ತು. ಸಾವರ್‌ಬ್ರುಖ್ ಅಂಜಿದ ಆ ಕುಸಿತವನ್ನೇ ವೈದ್ಯರು ಈಗ ಹದವರಿತು ಬಳಸಿಕೊಳ್ಳುತ್ತಿದ್ದಾರೆ.