ಕಮಲಾ ಸೊಹೋನಿ

1933ನೆಯ ಇಸವಿಯ ಮಾತು. ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪದವಿ ಪರೀಕ್ಷೆಯಲ್ಲಿ ರಸಾಯನಶಾಸ್ತ್ರವನ್ನು ಪ್ರಧಾನ ವಿಷಯವಾಗಿ ಓದಿ ಮೊದಲಿಗರಾಗಿ ತೇರ್ಗಡೆ ಹೊಂದಿದ್ದ ಕಮಲಾ ಭಾಗವತ್ ಎಂಬ ತರುಣಿ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಂಶೋಧನೆ ಕೈಗೊಳ್ಳಲು ಅರ್ಜಿ ಸಲ್ಲಿಸಿದರು. ಅಂದು ನವಲಗುಂದವನ್ನೊಳಗೊಂಡ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲೇ ಇತ್ತು. ಇತ್ತಲಿನ ಕನ್ನಡ ತರುಣರೂ ಪದವಿಗಾಗಿ ಅದೇ ವಿಶ್ವವಿದ್ಯಾನಿಲಯವನ್ನು ನೆಚ್ಚಬೇಕಾಗಿತ್ತು. ಅಲ್ಲಿ ಮೊದಲ ಸ್ಥಾನ ಗಳಿಸುವುದೆಂದರೆ ಸಾಮಾನ್ಯವಾದ ಮಾತಾಗಿರಲಿಲ್ಲ.

ಕಮಲಾ ಹುಟ್ಟಿದ್ದು 1911ರಲ್ಲಿ, ಇಂದೂರಿನಲ್ಲಿ. ತಂದೆ ನಾರಾಯಣರಾಯರೂ ಚಿಕ್ಕಪ್ಪ ಮಾಧವರಾಯರೂ ರಸಾಯನಶಾಸ್ತ್ರಜ್ಞರು. ಇಬ್ಬರೂ ಬೆಂಗಳೂರಿನ ಇದೇ ವಿಜ್ಞಾನ ಮಂದಿರದಲ್ಲಿ ಕಲಿತವರು. ಅಕ್ಕ ದುರ್ಗಾ ಭಾಗವತ್ ಮುಂದೆ ಮರಾಠಿಯ ದೊಡ್ಡ ಲೇಖಕಿ ಎನಿಸಿದರು. ಇಂಥ ಮನೆಯಲ್ಲಿ ಬೆಳೆದ ಹುಡುಗಿಗೆ ಬೆಂಗಳೂರಿನ ಪ್ರಯೋಗಶಾಲೆ ಪರಕೀಯವಾಗಿ ತೋರಿರಲಾರದು. ಆದರೆ ಉತ್ತರ ಬಂದದ್ದು ನಿರಾಕರಣೆಯಾಗಿ. ಅರ್ಜಿದಾರಳು ಹೆಂಗಸು ಎಂಬುದೊಂದೇ ಅದಕ್ಕೆ ಕಾರಣ.

ಹಾಗೆ ನಿರಾಕರಿಸಿದವರು ಸಾಮಾನ್ಯರಲ್ಲ. 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದು, 1933ರಲ್ಲಿ ವಿಜ್ಞಾನ ಮಂದಿರದ ಮೊದಲ ಭಾರತೀಯ ನಿರ್ದೇಶಕರಾಗಿ ಬಂದಿದ್ದ ಸರ್ ಸಿ. ವಿ. ರಾಮನ್. ಕಮಲಾ ಎದೆಗುಂದಲಿಲ್ಲ. ಬೆಂಗಳೂರಿಗೆ ಬಂದು ನಿರ್ದೇಶಕರನ್ನು ಕಂಡು, ತಮ್ಮ ಅಂಕಗಳಲ್ಲಿ ಏನು ಕೊರತೆಯಿದೆಯೆಂದು ಕೇಳಿದರು. ಅವರ ಕಚೇರಿಯ ಮುಂದೆ ಸತ್ಯಾಗ್ರಹಕ್ಕೆ ಕುಳಿತರೆಂದೂ ಹೇಳುತ್ತಾರೆ. ಗಾಂಧೀಜಿಯವರ ಚಳವಳಿಯ ಕಾಲವದು. ಆ ಹಾದಿ ಒಬ್ಬ ವಿದ್ಯಾರ್ಥಿನಿಗೆ ಹೊಳೆದುದರಲ್ಲಿ ಅಚ್ಚರಿಯಿಲ್ಲ. ಕೊನೆಗೆ ಪ್ರವೇಶ ದೊರೆಯಿತು, ಆದರೆ ಕಟ್ಟಳೆಗಳೊಡನೆ. ಮೊದಲ ಒಂದು ವರ್ಷ ಅವರನ್ನು ಪೂರ್ಣ ವಿದ್ಯಾರ್ಥಿನಿಯೆಂದು ಗಣಿಸುವಂತಿಲ್ಲ. ಮಾರ್ಗದರ್ಶಕರು ಹೇಳಿದಾಗ ಇರುಳಾದರೂ ಕೆಲಸ ಮಾಡಬೇಕು. ಪ್ರಯೋಗಶಾಲೆಯ ವಾತಾವರಣವನ್ನು ಕೆಡಿಸಕೂಡದು. ಕೊನೆಯ ಕಟ್ಟಳೆ ಅವರ ಮನಸ್ಸನ್ನು ಬಹಳ ನೋಯಿಸಿತು. ಅರುವತ್ತು ವರ್ಷಗಳಾಚೆಗೂ ಅವರು ಅದನ್ನು ಮರೆತಿರಲಿಲ್ಲ. ರಾಮನ್ನರ ವಿಜ್ಞಾನಕ್ಕೆ ತಲೆಬಾಗುವವರೂ ಇದನ್ನು ಅವರ ಸಂಕುಚಿತ ಬುದ್ಧಿಯೆಂದೇ ಒಪ್ಪಬೇಕಾಗುತ್ತದೆ.

ಜೀವರಸಾಯನ ವಿಭಾಗದಲ್ಲಿ ಅವರಿಗೆ ದೊರೆತ ಗುರು ಎಂ. ಶ್ರೀನಿವಾಸಯ್ಯನವರು. ಶಿಸ್ತಿನ ಮನುಷ್ಯ, ಆದರೆ ಕಲಿಯುವವರನ್ನು ಕಂಡರೆ ಪ್ರೀತಿ. ಅವರ ಕೈಕೆಳಗೆ ಕಮಲಾ ಹಾಲಿನಲ್ಲಿಯೂ ದ್ವಿದಳ ಧಾನ್ಯಗಳಲ್ಲಿಯೂ ಇರುವ ಪ್ರೋಟೀನುಗಳನ್ನು ಬೇರ್ಪಡಿಸಿ ಪರೀಕ್ಷಿಸತೊಡಗಿದರು. ಬಡವರ ಊಟದಲ್ಲಿ ಬೇಳೆಕಾಳಿಗಿರುವ ಸ್ಥಾನವನ್ನು ನೆನೆದರೆ ಈ ವಿಷಯದ ಮಹತ್ವ ತಿಳಿಯುತ್ತದೆ. ವರ್ಷ ಕಳೆಯುವ ಹೊತ್ತಿಗೆ ರಾಮನ್ನರಿಗೇ ಮನವರಿಕೆಯಾಯಿತು. ಕಮಲಾ ಪೂರ್ಣ ವಿದ್ಯಾರ್ಥಿನಿಯಾದರು. 1936ರಲ್ಲಿ ಉನ್ನತ ಶ್ರೇಣಿಯಲ್ಲಿ ಎಂ.ಎಸ್‌ಸಿ. ಪದವಿ ಪಡೆದರು. ಅಲ್ಲಿಂದಾಚೆಗೆ ವಿಜ್ಞಾನ ಮಂದಿರದ ಬಾಗಿಲು ಹೆಣ್ಣುಮಕ್ಕಳಿಗೆ ತೆರೆಯಿತು. ಮುಂದೆ ಹವಾಮಾನ ವಿಜ್ಞಾನದಲ್ಲಿ ಹೆಸರಾದ ಅನ್ನಾ ಮಣಿ 1940ರಲ್ಲಿ ಸ್ವತಃ ರಾಮನ್ನರ ಪ್ರಯೋಗಶಾಲೆಯನ್ನೇ ಸೇರಿದರು.

1937ರಲ್ಲಿ ಕಮಲಾ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಕೇಂಬ್ರಿಜ್ಜಿಗೆ ತೆರಳಿದರು. ಅಲ್ಲಿನ ಜೀವರಸಾಯನ ಪ್ರಯೋಗಶಾಲೆಯ ಮುಖ್ಯಸ್ಥರು, ಜೀವಸತ್ವಗಳ ಶೋಧಕ್ಕಾಗಿ 1929ರ ನೊಬೆಲ್ ಗೌರವದಲ್ಲಿ ಪಾಲು ಪಡೆದಿದ್ದ ಸರ್ ಫ್ರೆಡರಿಕ್ ಹಾಪ್ಕಿನ್ಸ್. ಮೊದಲು ಡೆರೆಕ್ ರಿಕ್ಟರ್ ಎಂಬುವರ ಬಳಿಯಲ್ಲಿಯೂ, ಅವರು ಬೇರೆಡೆಗೆ ಹೋದ ಮೇಲೆ ರಾಬಿನ್ ಹಿಲ್ ಅವರ ಬಳಿಯಲ್ಲಿಯೂ ಕಮಲಾ ಕೆಲಸ ಮಾಡಿದರು. ಹಿಲ್ಲರ ಆಸಕ್ತಿ ಸಸ್ಯಗಳಲ್ಲಿ. ಹೀಗಾಗಿ ಕಮಲಾ ಅವರ ಮೇಜಿಗೆ ಆಲೂಗಡ್ಡೆ ಬಂದಿತು.

ಆಲೂಗಡ್ಡೆಯಲ್ಲಿ ಅವರು ಹುಡುಕಿದ್ದು ಏನನ್ನು? ಇದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಅದೇ ಕೇಂಬ್ರಿಜ್ಜಿನಲ್ಲಿ 1925ರಲ್ಲಿ ಡೇವಿಡ್ ಕೀಲಿನ್ ಎಂಬ ವಿಜ್ಞಾನಿ ರೋಹಿತದರ್ಶಕದ ಮೂಲಕ ಯೀಸ್ಟನ್ನೂ ಕೀಟಗಳ ಸ್ನಾಯುವನ್ನೂ ನೋಡುತ್ತಿದ್ದಾಗ, ಬಣ್ಣಗಳ ನಡುವೆ ಕಪ್ಪು ಪಟ್ಟೆಗಳನ್ನು ಕಂಡರು. ಯೀಸ್ಟನ್ನು ಗಾಳಿಯೊಡನೆ ಕುಲುಕಿದರೆ ಪಟ್ಟೆಗಳು ಮಾಯವಾಗುತ್ತಿದ್ದವು. ತುಸು ಹೊತ್ತು ಸುಮ್ಮನೆ ಬಿಟ್ಟರೆ ಮರಳಿ ಮೂಡುತ್ತಿದ್ದವು. ಆ ಪಟ್ಟೆಗಳಿಗೆ ಕಾರಣವಾದ ವಸ್ತುಗಳನ್ನು ಅವರು ಸೈಟೋಕ್ರೋಮ್ ಎಂದು ಕರೆದರು. ಇವು ಕಬ್ಬಿಣವನ್ನು ಒಡಲಲ್ಲಿಟ್ಟುಕೊಂಡ ಪ್ರೋಟೀನುಗಳು. ಕಬ್ಬಿಣಕ್ಕೆ ಎರಡು ಸ್ಥಿತಿಗಳುಂಟು: ಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಫೆರಿಕ್ ಸ್ಥಿತಿ, ಎರಡನ್ನು ಮಾತ್ರ ಕಳೆದುಕೊಂಡ ಫೆರಸ್ ಸ್ಥಿತಿ. ಫೆರಿಕ್ ಕಬ್ಬಿಣ ಒಂದು ಎಲೆಕ್ಟ್ರಾನನ್ನು ಪಡೆದು ಫೆರಸ್ ಆಗುವುದಕ್ಕೆ ಅಪಕರ್ಷಣವೆಂದೂ, ಅದನ್ನು ಬಿಟ್ಟುಕೊಟ್ಟು ಮತ್ತೆ ಫೆರಿಕ್ ಆಗುವುದಕ್ಕೆ ಉತ್ಕರ್ಷಣವೆಂದೂ ಹೆಸರು. ಸೈಟೋಕ್ರೋಮುಗಳು ಎಲೆಕ್ಟ್ರಾನನ್ನು ಒಂದರಿಂದ ಒಂದಕ್ಕೆ ದಾಟಿಸುತ್ತವೆ. ಕೆರೆಗೆ ಬೆಂಕಿಯಾರಿಸಲು ನಿಂತ ಜನ ನೀರಿನ ಕೊಡವನ್ನು ಕೈಯಿಂದ ಕೈಗೆ ದಾಟಿಸಿದಂತೆ. ಸಾಲಿನ ತುದಿಯಲ್ಲಿರುವ ಕಿಣ್ವ ಕಬ್ಬಿಣವನ್ನೂ ತಾಮ್ರವನ್ನೂ ಎರಡನ್ನೂ ಹೊಂದಿದೆ. ಅದು ಎಲೆಕ್ಟ್ರಾನುಗಳನ್ನು ಆಮ್ಲಜನಕಕ್ಕೆ ಒಪ್ಪಿಸುತ್ತದೆ. ನಾವು ಉಂಡ ಅನ್ನ ಶಕ್ತಿಯಾಗುವುದು ಈ ಹಾದಿಯಲ್ಲಿ.

ಪ್ರಾಣಿಗಳಲ್ಲಿಯೂ ಯೀಸ್ಟಿನಲ್ಲಿಯೂ ಕಂಡುಬಂದ ಸೈಟೋಕ್ರೋಮ್ ‘ಸಿ’ ಸಸ್ಯಕೋಶಗಳಲ್ಲಿಯೂ ಇದ್ದು ಅದೇ ಕೆಲಸವನ್ನು ಮಾಡುತ್ತದೆಂಬುದನ್ನು ಕಮಲಾ ತೋರಿಸಿಕೊಟ್ಟರು. ಉಸಿರಾಟದ ವಿಷಯದಲ್ಲಿ ಆಲೂಗಡ್ಡೆಗೂ ಮನುಷ್ಯನಿಗೂ ಇರುವ ನೆಂಟಸ್ತಿಕೆ ಇದರಿಂದ ಇನ್ನಷ್ಟು ಖಚಿತವಾಯಿತು. ಅವರ ಮಹಾಪ್ರಬಂಧ ನಲವತ್ತು ಪುಟಗಳದ್ದು ಮಾತ್ರ. ಕೇಂಬ್ರಿಜ್ಜಿಗೆ ಬಂದು ಹದಿನಾಲ್ಕು ತಿಂಗಳಲ್ಲಿ ಅದು ಸಿದ್ಧವಾಗಿತ್ತು. ಪುಟಗಳ ತೂಕದಿಂದ ಪಾಂಡಿತ್ಯವನ್ನು ಅಳೆಯುವವರು ಇದನ್ನು ಗಮನಿಸಬೇಕು. 1939ರಲ್ಲಿ ಅವರಿಗೆ ಪಿಎಚ್.ಡಿ. ದೊರೆಯಿತು. ವಿಜ್ಞಾನದಲ್ಲಿ ಆ ಪದವಿ ಪಡೆದ ಮೊದಲ ಭಾರತೀಯ ಮಹಿಳೆಯೆಂದು ಅವರನ್ನು ಕೊಂಡಾಡುವುದುಂಟು. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ 1931ರಲ್ಲಿಯೇ ಅಮೆರಿಕದ ಮಿಷಿಗನ್ನಿನಲ್ಲಿ ಡಾಕ್ಟರ್ ಪದವಿ ಪಡೆದಿದ್ದರೆಂಬುದನ್ನೂ ಜೊತೆಗೆ ನೆನೆಯುವುದು ನ್ಯಾಯ.

ಆ ವರ್ಷವೇ ಕಮಲಾ ತಾಯ್ನಾಡಿಗೆ ಹಿಂದಿರುಗಿದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಕೆಲಕಾಲ ಪ್ರಾಧ್ಯಾಪಕರಾಗಿದ್ದು, ಬಳಿಕ ನೀಲಗಿರಿಯ ಕೂನೂರಿನಲ್ಲಿದ್ದ ಪೋಷಣ ಸಂಶೋಧನಾಲಯದಲ್ಲಿ ಜೀವಸತ್ವಗಳ ಮೇಲೆ ಕೆಲಸ ಮಾಡಿದರು. 1947ರಲ್ಲಿ ಎಂ. ವಿ. ಸೊಹೋನಿಯವರನ್ನು ವಿವಾಹವಾಗಿ ಮುಂಬಯಿಗೆ ಬಂದು ನೆಲಸಿದರು. ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಭಾಗ ಅವರ ಕೈಯಲ್ಲಿ ಬೆಳೆಯಿತು.

ಈ ಕಾಲದ ಅವರ ಕೆಲಸವೆಲ್ಲ ಜನರ ತಾಟಿನಿಂದಲೇ ಎದ್ದುಬಂದದ್ದು. ಅವರೆಕಾಳನ್ನು ಹಸಿಯಾಗಿ ತಿಂದರೆ ಅದರ ಪ್ರೋಟೀನು ಸರಿಯಾಗಿ ಜೀರ್ಣವಾಗುವುದಿಲ್ಲ. ಕಾಳಿನಲ್ಲಿರುವ ಒಂದು ವಸ್ತು ಟ್ರಿಪ್ಸಿನ್ ಎಂಬ ಜೀರ್ಣಕಿಣ್ವವನ್ನು ತಡೆಹಿಡಿಯುವುದೇ ಇದಕ್ಕೊಂದು ಕಾರಣ. 1955ರಲ್ಲಿ ಕಮಲಾ ತಮ್ಮ ಶಿಷ್ಯರೊಡನೆ ಆ ವಸ್ತುವನ್ನು ಅವರೆಯಿಂದ ಸ್ಫಟಿಕ ರೂಪದಲ್ಲಿ ಬೇರ್ಪಡಿಸಿದರು. ನಮ್ಮ ತಾಯಂದಿರು ಕಾಳನ್ನು ನೆನೆಹಾಕಿ ಚೆನ್ನಾಗಿ ಬೇಯಿಸುವುದರ ಹಿಂದಿನ ಅರ್ಥ ಇಲ್ಲಿ ತಿಳಿಯುತ್ತದೆ. ಊಟದಲ್ಲಿ ಏನಿದೆ ಎಂಬುದರಷ್ಟೇ, ಅದರಲ್ಲಿ ದೇಹಕ್ಕೆ ದಕ್ಕುವುದೆಷ್ಟು ಎಂಬುದೂ ಮುಖ್ಯ. ಕಮಲಾ ಅವರ ಬಾಳಿನ ಶೋಧವೆಲ್ಲ ಈ ಪ್ರಶ್ನೆಯ ಸುತ್ತ ನಡೆಯಿತೆನ್ನಬಹುದು.

ಅವರಿಗೆ ಹೆಚ್ಚಿನ ಕೀರ್ತಿ ತಂದದ್ದು ನೀರಾ. ರಾಷ್ಟ್ರಪತಿ ಬಾಬು ರಾಜೇಂದ್ರಪ್ರಸಾದರ ಸಲಹೆಯ ಮೇರೆಗೆ, ತಾಳೆಯ ಜಾತಿಯ ಮರಗಳಿಂದ ಇಳಿಸಿದ ಹುಳಿಯದ ಸಿಹಿ ರಸವನ್ನು ಅವರು ಪರೀಕ್ಷಿಸಿದರು. ಅದರಲ್ಲಿ ‘ಎ’ ಮತ್ತು ‘ಸಿ’ ಜೀವಸತ್ವಗಳೂ ಕಬ್ಬಿಣವೂ ಗಣನೀಯವಾಗಿದ್ದವು; ರಸವನ್ನು ಕಾಯಿಸಿ ಬೆಲ್ಲ ಮಾಡಿದರೂ ಅವು ಉಳಿಯುತ್ತಿದ್ದವು. ಪೋಷಣೆಯಿಲ್ಲದೆ ಸೊರಗಿದ್ದ ಬುಡಕಟ್ಟುಗಳ ಮಕ್ಕಳಿಗೂ ಗರ್ಭಿಣಿಯರಿಗೂ ಅದನ್ನು ಕೊಟ್ಟಾಗ ಅವರ ಆರೋಗ್ಯ ಸುಧಾರಿಸಿದ್ದು ಕಂಡುಬಂದಿತು. ಈ ಸೇವೆಗಾಗಿ ಕಮಲಾ ರಾಷ್ಟ್ರಪತಿ ಪ್ರಶಸ್ತಿ ಪಡೆದರು.

ಕಬ್ಬಿಣವೂ ‘ಸಿ’ ಜೀವಸತ್ವವೂ ಒಂದೇ ಪಾನೀಯದಲ್ಲಿ ಕೂಡಿದ್ದರ ಬೆಲೆಯನ್ನು ಬಲ್ಲವರು, ಇದ್ದೂ ದಕ್ಕದ ಕಬ್ಬಿಣದ ಕಷ್ಟವನ್ನು ಬಲ್ಲವರೇ. ನವಲಗುಂದದ ಎರೆಹೊಲಗಳನ್ನೇ ನೋಡಬಹುದು. ಆ ಮಣ್ಣಿನಲ್ಲಿ ಕಬ್ಬಿಣಕ್ಕೆ ಕೊರತೆಯಿಲ್ಲ. ಆದರೂ ಸುಣ್ಣದ ಅಂಶ ಹೆಚ್ಚಾದೆಡೆ ಶೇಂಗಾ, ಕಡಲೆಗಳ ಎಳೆಯ ಎಲೆಗಳು ಹಳದಿಯಾಗುವುದುಂಟು; ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಅಲ್ಲಿರುವುದು ಫೆರಿಕ್ ಕಬ್ಬಿಣ. ಅದು ನೀರಿನಲ್ಲಿ ಕರಗದು, ಬೇರಿಗೆ ಎಟುಕದು. ಶೇಂಗಾ, ಕಡಲೆಯಂಥ ಗಿಡಗಳ ಬೇರು ಆಮ್ಲವನ್ನು ಸ್ರವಿಸಿ, ತನ್ನ ಹೊರಪೊರೆಯಲ್ಲಿರುವ ಕಿಣ್ವದಿಂದ ಎಲೆಕ್ಟ್ರಾನನ್ನು ಕೊಟ್ಟು ಅದನ್ನು ಫೆರಸ್ ಆಗಿ ಮಾಡಿಕೊಂಡೇ ಒಳಗೆ ಸೆಳೆಯಬೇಕು. ಸುಣ್ಣ ಆ ಆಮ್ಲವನ್ನು ನುಂಗಿಹಾಕುತ್ತದೆ. ಜೋಳ, ಗೋಧಿಗಳದು ಬೇರೊಂದು ಉಪಾಯ. ಅದು ಇಲ್ಲಿ ಬೇಡ. ಹಳದಿಯಾದ ಬೆಳೆಗೆ ರೈತರು ಅನ್ನಭೇದಿಯನ್ನು ನಿಂಬೆಯ ಆಮ್ಲದೊಡನೆ ನೀರಿನಲ್ಲಿ ಕರಗಿಸಿ ಸಿಂಪಡಿಸುತ್ತಾರೆ. ಅನ್ನಭೇದಿಯೆಂದರೆ ಫೆರಸ್ ಕಬ್ಬಿಣದ ಲವಣವೇ.

ಹೊಲದಲ್ಲಿ ಗಿಡಕ್ಕೆ ಬಂದ ಸಂಕಟವೇ ಊಟಕ್ಕೆ ಕುಳಿತ ಮನುಷ್ಯನಿಗೂ ಬರುತ್ತದೆ. ಜೋಳದ ರೊಟ್ಟಿಯಲ್ಲಿ, ಹೆಸರುಕಾಳಿನ ಪಲ್ಯದಲ್ಲಿ ಕಬ್ಬಿಣವಿದೆ. ಆದರೆ ಅದೂ ಬಹುಮಟ್ಟಿಗೆ ಫೆರಿಕ್ ಕಬ್ಬಿಣ. ಜೊತೆಗೆ ಧಾನ್ಯದ ಫೈಟಿಕ್ ಆಮ್ಲ ಅದನ್ನು ಕಟ್ಟಿಹಾಕುತ್ತದೆ. ಹೀಗಾಗಿ ಸಸ್ಯಾಹಾರದ ಕಬ್ಬಿಣದಲ್ಲಿ ದೇಹಕ್ಕೆ ಸೇರುವುದು ಅನೇಕ ವೇಳೆ ನೂರಕ್ಕೆ ಹತ್ತು ಪಾಲಿಗಿಂತಲೂ ಕಡಿಮೆ. ಸಣ್ಣ ಕರುಳಿನ ಮೊದಲ ಭಾಗದಲ್ಲಿರುವ ಜೀವಕೋಶಗಳು ಫೆರಸ್ ಕಬ್ಬಿಣವನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತವೆ. ಅದನ್ನು ಒಯ್ಯುವ ಪ್ರೋಟೀನನ್ನು 1997ರಲ್ಲಿ ಗುರುತಿಸಲಾಯಿತು. ಹಾಗಾದರೆ ಫೆರಿಕ್ ಕಬ್ಬಿಣಕ್ಕೆ ಎಲೆಕ್ಟ್ರಾನನ್ನು ಕೊಡುವವರು ಯಾರು? 2001ರಲ್ಲಿ ಲಂಡನ್ನಿನ ವಿಜ್ಞಾನಿಗಳು ಆ ಕೋಶಗಳ ಹೊರಪೊರೆಯಲ್ಲಿ ಇಂಥ ಕೆಲಸ ಮಾಡುವ ಒಂದು ಪ್ರೋಟೀನನ್ನು ಕಂಡುಕೊಂಡರು. ಅದೊಂದು ಸೈಟೋಕ್ರೋಮ್! ಕಮಲಾ ಆಲೂಗಡ್ಡೆಯಲ್ಲಿ ಕಂಡದ್ದು ‘ಸಿ’ ಆದರೆ, ಇದು ‘ಬಿ’ ಗುಂಪಿನದು. ಅದು ಎಲೆಕ್ಟ್ರಾನನ್ನು ಪಡೆಯುವುದು ಕೋಶದೊಳಗಿನ ‘ಸಿ’ ಜೀವಸತ್ವದಿಂದ. ಊಟದಲ್ಲಿರುವ ‘ಸಿ’ ಜೀವಸತ್ವವೂ ಕರುಳಿನಲ್ಲಿ ನೇರವಾಗಿ ಇದೇ ಅಪಕರ್ಷಣವನ್ನು ನಡೆಸಬಲ್ಲುದು. ಮೊಳಕೆ ಬರಿಸಿದ ಹೆಸರಿಗೆ ನಿಂಬೆಹುಳಿ ಹಿಂಡಿಕೊಳ್ಳುವುದು ರುಚಿಗೆ ಮಾತ್ರವಲ್ಲ. ಮೊಳಕೆ ಫೈಟಿಕ್ ಆಮ್ಲವನ್ನು ತಗ್ಗಿಸುತ್ತದೆ, ಹುಳಿ ಕಬ್ಬಿಣಕ್ಕೆ ದಾರಿ ಮಾಡುತ್ತದೆ. ಊಟದ ಬೆನ್ನಿಗೇ ಕುಡಿಯುವ ಚಹಾ ಇದಕ್ಕೆ ವಿರುದ್ಧವಾಗಿ ನಡೆದುಕೊಳ್ಳುತ್ತದೆ.

ತಾಮ್ರದ ಪಾತ್ರ ಇನ್ನೂ ಸ್ವಾರಸ್ಯವಾದುದು. ಅದೂ ಒಂದು ಎಲೆಕ್ಟ್ರಾನನ್ನು ಪಡೆದು ತನ್ನದೇ ಆದ ಬೇರೆ ಬಾಗಿಲಿನಿಂದ ಕೋಶವನ್ನು ಹೊಗುತ್ತದೆ. ಕೇವಲ ಹಾಲು ಕುಡಿದು ರಕ್ತಹೀನವಾದ ಇಲಿಗಳಿಗೆ ಕಬ್ಬಿಣವೊಂದನ್ನೇ ಕೊಟ್ಟರೆ ಸಾಲದು, ಎಳ್ಳಷ್ಟು ತಾಮ್ರವೂ ಬೇಕು ಎಂದು ಅಮೆರಿಕದ ವಿಸ್ಕಾನ್ಸಿನ್ನಿನ ವಿಜ್ಞಾನಿಗಳು 1928ರಲ್ಲಿ ತೋರಿಸಿದ್ದರು. ಅದರ ಕಾರಣ ಬಿಡಿಸಿಕೊಂಡದ್ದು ಎಷ್ಟೋ ತಡವಾಗಿ. ಕರುಳಿನ ಕೋಶದಿಂದ ಹೊರಬಿದ್ದ ಫೆರಸ್ ಕಬ್ಬಿಣ ಮತ್ತೆ ಫೆರಿಕ್ ಆದ ಹೊರತು ರಕ್ತದಲ್ಲಿ ಅದನ್ನು ಹೊರುವ ಪ್ರೋಟೀನು ಅದನ್ನು ಹಿಡಿದುಕೊಳ್ಳದು. ಹಾಗೆ ಮಾರ್ಪಡಿಸುವ ಕಿಣ್ವದಲ್ಲಿ ತಾಮ್ರವಿದೆ. 1999ರಲ್ಲಿ ಅದನ್ನು ಗುರುತಿಸಿದವರು ಗ್ರೀಕರ ಕಮ್ಮಾರ ದೇವತೆ ಹೆಫೆಸ್ಟಸನ ಹೆಸರಿನಿಂದ ಅದಕ್ಕೆ ಹೆಫೆಸ್ಟಿನ್ ಎಂದು ನಾಮಕರಣ ಮಾಡಿದರು. ಆರೋಗ್ಯವಂತ ಮನುಷ್ಯನ ಮೈಯಲ್ಲಿರುವ ಕಬ್ಬಿಣ ಒಟ್ಟು ಮೂರು ನಾಲ್ಕು ಗ್ರಾಂ. ದಿನಕ್ಕೆ ಹೊಸದಾಗಿ ಸೇರಬೇಕಾದದ್ದು ಒಂದೆರಡು ಮಿಲಿಗ್ರಾಂ. ಇಷ್ಟು ಅಲ್ಪವನ್ನು ದಕ್ಕಿಸಿಕೊಳ್ಳಲು ಇಷ್ಟು ಏರ್ಪಾಡು! 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ಕಾರಣಗಳು ಹಲವಿದ್ದರೂ ಕಬ್ಬಿಣದ ಕೊರತೆ ಅವುಗಳಲ್ಲಿ ದೊಡ್ಡದು.

ಕಮಲಾ ಅವರು ಮುಂಬಯಿಯ ವಿಜ್ಞಾನ ಸಂಸ್ಥೆಯ ನಿರ್ದೇಶಕ ಪದವಿಗೆ ಬಂದದ್ದು, ಅರ್ಹತೆಯಿದ್ದೂ ನಾಲ್ಕು ವರ್ಷ ಕಾದ ಮೇಲೆ. ಬೆಂಗಳೂರಿನ ಅನುಭವ ನೆರೆಗೂದಲಿನ ಕಾಲದಲ್ಲಿಯೂ ಅವರ ಬೆನ್ನು ಬಿಟ್ಟಿರಲಿಲ್ಲ. 1966ರಲ್ಲಿ ಒಂಬತ್ತು ಮಂದಿ ಮಹಿಳೆಯರು ಮುಂಬಯಿಯಲ್ಲಿ ಭಾರತೀಯ ಬಳಕೆದಾರರ ಮಾರ್ಗದರ್ಶನ ಸಂಘವನ್ನು ಕಟ್ಟಿದರು. ಅವರಲ್ಲಿ ಕಮಲಾ ಒಬ್ಬರು. ಆಹಾರದ ಕಲಬೆರಕೆಯನ್ನು ಗೃಹಿಣಿಯರೇ ಪತ್ತೆಹಚ್ಚುವಂತಾಗಬೇಕೆಂದು ಅವರು ಶ್ರಮಿಸಿದರು. ಸಂಘದ ಪತ್ರಿಕೆಗೆ ಲೇಖನಗಳನ್ನು ಬರೆದರು. 1982ರಲ್ಲಿ ಅದರ ಅಧ್ಯಕ್ಷರಾದರು. 1998ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತು ಅವರನ್ನು ಸನ್ಮಾನಿಸಲು ದೆಹಲಿಗೆ ಬರಮಾಡಿಕೊಂಡಿತು. ಸಮಾರಂಭ ನಡೆದಿದ್ದಾಗಲೇ ಅವರು ಕುಸಿದುಬಿದ್ದರು. ಬಳಿಕ ಹೆಚ್ಚು ಕಾಲ ಬದುಕಲಿಲ್ಲ.