ಓದಿದ ಋಣ ತೀರಿಸಿದ ಪಂಜೆಯವರು

ಪಂಜೆ ಮಂಗೇಶರಾಯರು ಹುಟ್ಟಿದ್ದು ನೇತ್ರಾವತಿ ದಂಡೆಯ ಬಂಟ್ವಾಳದಲ್ಲಿ, 1874ರ ಫೆಬ್ರವರಿ 22ರಂದು. ಹಿರಿಯರ ಊರು ಸುಳ್ಯದ ಕಡೆಯ ಪಂಜ. ಮನೆಯಲ್ಲಿ ಬಡತನ. ಹೇಗೋ ಕಷ್ಟಪಟ್ಟು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಓದಿದರು.

ವಿದ್ಯೆ ಕೊಟ್ಟ ಆ ಕಾಲೇಜಿಗೇ ಕನ್ನಡ ಪಂಡಿತರಾಗಿ ಮರಳಿದರು. ಬೆನಗಲ್ ರಾಮರಾಯರ ಸೋದರಿ ಅವರ ಕೈಹಿಡಿದರು. ರಾಮರಾಯರ 'ಸುವಾಸಿನಿ' ಪತ್ರಿಕೆಯಲ್ಲಿ ಪಂಜೆಯವರು ಬರೆದ ಕತೆಗಳು ಕನ್ನಡದ ಮೊದಮೊದಲ ಸಣ್ಣಕತೆಗಳ ಸಾಲಿಗೆ ಸೇರಿವೆ.

ಮುಂದೆ ಶಾಲಾ ಇನ್‌ಸ್ಪೆಕ್ಟರರಾಗಿ ಹಳ್ಳಿ ಹಳ್ಳಿ ಸುತ್ತಿದರು. ಇನ್‌ಸ್ಪೆಕ್ಟರ್ ಬಂದರೆಂದರೆ ಮಕ್ಕಳು ನಡುಗುತ್ತಿದ್ದ ಕಾಲ ಅದು. ಮಕ್ಕಳ ಬಾಯಿಗೆ ಹಿಡಿಸುವ ಪಾಠ, ಪದ್ಯಗಳೂ ಆಗ ವಿರಳ. ಈ ಕೊರತೆ ನೀಗಲು ಅವರೇ ಲೇಖನಿ ಹಿಡಿದರು. ಹಾವು, ಇಲಿ, ಗಾಳಿ ಎಲ್ಲವೂ ಮಕ್ಕಳ ಹಾಡು, ಕತೆಗಳಾದವು. 1921ರಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿದರು. ನಮ್ಮ ಗರಡಿಗಳ ವೀರರಾದ ಕೋಟಿ ಚೆನ್ನಯರ ಕತೆಯನ್ನು ಕನ್ನಡದಲ್ಲಿ ಬರೆದುಕೊಟ್ಟವರೂ ಅವರೇ.

ಮಡಿಕೇರಿಯಲ್ಲಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದಾಗ ಅಲ್ಲಿನ ರೈತರ ಸಂಭ್ರಮವನ್ನೂ ಕಂಡರು. ಹೊಸ ಕದಿರು ಮನೆ ತುಂಬುವ ಹಬ್ಬದ ಹೆಸರು ಹೊತ್ತ 'ಹುತ್ತರಿ ಹಾಡು' ಕೊಡಗಿಗೆ ಅವರು ಕೊಟ್ಟ ಕಾಣಿಕೆ.

1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1937ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಒಳ್ಳೆಯ ಬೆಳೆ ಬಂದಾಗ ರೈತ ಮೊದಲು ಬಿತ್ತನೆಗೆಂದು ಬೀಜ ತೆಗೆದಿಡುತ್ತಾನೆ. ಪಂಜೆಯವರು ತಾವು ಪಡೆದ ವಿದ್ಯೆಯಲ್ಲಿ ಮಾಡಿದ್ದೂ ಅದನ್ನೇ. ಶಾಲೆಗೆ ದಾನ ಕೊಡಲು ಹಣವೇ ಬೇಕೆಂದಿಲ್ಲ. ಓದಿ ಮೇಲೆ ಬಂದವರು ಊರ ಶಾಲೆಯ ಮಕ್ಕಳ ಜೊತೆ ಒಂದಿಷ್ಟು ಹೊತ್ತು ಕೂತರೂ ಋಣ ತೀರಿಸಿದಂತೆಯೇ.